ಕಾಗದಕ್ಕೊಂದು ಜರಡಿ

ಅಂಗಡಿಯಿಂದ ಬಂದ ಅಕ್ಕಿಯನ್ನು ಮೊರದಲ್ಲಿ ಕೇರಿ, ಕಲ್ಲು ಆರಿಸಿ, ಆಮೇಲೆ ಒಲೆಯ ಮೇಲಿಡುವುದು ಗೃಹಿಣಿಯಾದವಳಿಗೆ ಯಾರೂ ಹೇಳಿಕೊಡಬೇಕಾದ ಪಾಠವಲ್ಲ. ಆದರೆ ಈ ಕೆಲಸದಲ್ಲಿ ಎರಡು ತಪ್ಪುಗಳಿಗೆ ಅವಕಾಶವುಂಟು. ಕಲ್ಲು ಅಕ್ಕಿಯಲ್ಲಿಯೇ ಉಳಿದುಬಿಡುವುದು ಒಂದು. ಕಲ್ಲಿನೊಡನೆ ಅಕ್ಕಿಯೂ ಹೊರಕ್ಕೆ ಬೀಳುವುದು ಇನ್ನೊಂದು. ಮೊದಲನೆಯ ತಪ್ಪು ಊಟಕ್ಕೆ ಕುಳಿತಾಗ ಹಲ್ಲಿಗೆ ತಾನಾಗಿಯೇ ತಿಳಿಯುತ್ತದೆ. ಎರಡನೆಯದು ಅಂಗಳದ ಗುಬ್ಬಚ್ಚಿಗಳಿಗಲ್ಲದೆ ಬೇರೆ ಯಾರಿಗೂ ತಿಳಿಯುವುದಿಲ್ಲ.

ಕಚೇರಿಗಳ ಮಿಂಚಂಚೆಯ ಹೆಬ್ಬಾಗಿಲಿನಲ್ಲಿ ಕುಳಿತು ಕಾಗದಗಳನ್ನು ಕೇರುವ ಯಂತ್ರಕ್ಕೂ ಇದೇ ಎರಡು ತಪ್ಪುಗಳು ಕಟ್ಟಿಟ್ಟವು. ಬೇಡದ ಕಾಗದ ಒಳಗೆ ಬಂದರೆ ಹತ್ತು ಜನ ದೂರುತ್ತಾರೆ. ಬೇಕಾದ ಕಾಗದ ಹೊರಗೇ ಉಳಿದುಹೋದರೆ ದೂರುವವರೇ ಇಲ್ಲ. ಬರೆದವರು ‘ಉತ್ತರ ಕೊಡುವಷ್ಟು ಸೌಜನ್ಯವೂ ಇವರಿಗಿಲ್ಲ’ ಎಂದುಕೊಂಡು ಸುಮ್ಮನಾಗುತ್ತಾರೆ. ಓದಬೇಕಾದವರಿಗೆ ಕಾಗದವೊಂದು ಬಂದಿತ್ತೆಂಬುದೇ ತಿಳಿಯದು. ಈ ಜರಡಿಗೆ ಕಸುಬಿನವರು ಇಟ್ಟಿರುವ ಹೆಸರು ‘ಕಂಟೆಂಟ್ ಫಿಲ್ಟರ್’. ಕಾಗದದ ಒಳಗಿನ ವಿಷಯವನ್ನೇ ನೋಡಿ ಸೋಸುವುದು ಎಂದು ಅದರ ಅರ್ಥ. ಇದನ್ನು ಕಟ್ಟುವವನ ಕೈಯಲ್ಲಿ ಎಷ್ಟೋ ಮನೆಗಳ ನೆಮ್ಮದಿ ಇರುತ್ತದೆಂಬುದು ಅನೇಕ ವೇಳೆ ಕಟ್ಟುವವನಿಗೇ ಗೊತ್ತಿರುವುದಿಲ್ಲ.

ಜರಡಿಯ ಅಗತ್ಯ ಇಂದು ನಿನ್ನೆಯದಲ್ಲ. ಒಂದು ಗಣಕಯಂತ್ರದಿಂದ ಇನ್ನೊಂದಕ್ಕೆ ಜಾಲದ ಮೂಲಕ ಕಾಗದ ಕಳುಹಿಸುವ ಏರ್ಪಾಡನ್ನು ಅಮೆರಿಕದ ರೇ ಟಾಮ್ಲಿನ್ಸನ್ ಮಾಡಿದುದು 1971ರಲ್ಲಿ. ಏಳು ವರ್ಷ ತುಂಬುವುದರೊಳಗಾಗಿ, 1978ರ ಮೇ ತಿಂಗಳಿನಲ್ಲಿ, ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಷನ್ನಿನ ಮಾರಾಟ ವಿಭಾಗದ ಗ್ಯಾರಿ ಥರ್ಕ್ ಎಂಬಾತನು, ತನ್ನ ಸಂಸ್ಥೆಯ ಯಂತ್ರಗಳ ಪ್ರದರ್ಶನಕ್ಕೆ ಬರಬೇಕೆಂದು ಸುಮಾರು 400 ಮಂದಿಗೆ ಒಂದೇ ಕಾಗದವನ್ನು ಹಂಚಿಬಿಟ್ಟನು. ಅವರಲ್ಲಿ ಯಾರೂ ಅದನ್ನು ಕೇಳಿದವರಲ್ಲ. ಇಂತಹ ಕಾಗದಗಳಿಗೆ ಅಂಟಿಕೊಂಡ ‘ಸ್ಪ್ಯಾಮ್’ ಎಂಬ ಹೆಸರು ಮೂಲದಲ್ಲಿ ಡಬ್ಬಿಯಲ್ಲಿ ಮಾರುವ ಮಾಂಸದ್ದು. ಬ್ರಿಟನ್ನಿನ ದೂರದರ್ಶನದಲ್ಲಿ 1970ರಲ್ಲಿ ಬಂದ ಒಂದು ಹಾಸ್ಯಪ್ರಸಂಗದಲ್ಲಿ, ಹೋಟೆಲಿಗೆ ಬಂದ ಗಿರಾಕಿ ಏನು ಕೇಳಿದರೂ ಅದರೊಡನೆ ಈ ಡಬ್ಬಿಯ ಮಾಂಸ ಬಂದೇ ಬರುತ್ತದೆ. ಬೇಡವೆಂದರೂ ಬರುವ ಕಾಗದಕ್ಕೆ ಅದಕ್ಕಿಂತ ಒಪ್ಪುವ ಹೆಸರು ಸಿಕ್ಕಲಾರದು.

ಮಿಂಚಂಚೆಯ ಸಾಗಾಟದ ಕಟ್ಟಳೆಗಳು 1982ರಲ್ಲಿ ಒಂದು ರೂಪಕ್ಕೆ ಬಂದಾಗ, ಅದನ್ನು ಬಳಸುತ್ತಿದ್ದವರು ಒಬ್ಬರನ್ನೊಬ್ಬರು ಬಲ್ಲ ವಿದ್ವಾಂಸರು. ಆದುದರಿಂದ ಲಕೋಟೆಯ ಮೇಲೆ ‘ಇಂದ’ ಎಂದು ಬರೆದ ವಿಳಾಸ ನಿಜವೋ ಸುಳ್ಳೋ ಎಂದು ಕೇಳುವ ಪದ್ಧತಿಯೇ ಆ ಕಟ್ಟಳೆಗಳಲ್ಲಿರಲಿಲ್ಲ. ಬ್ಯಾಂಕಿನ ಹೆಸರನ್ನು ಬೆನ್ನ ಮೇಲೆ ಬರೆದುಕೊಂಡು ಕಳ್ಳನ ಕಾಗದವೂ ಸಲೀಸಾಗಿ ಬರಬಹುದಾಗಿತ್ತು. ಈ ಕೊರತೆಯನ್ನು ತುಂಬಲು ಮೂರು ಉಪಾಯಗಳು ಆಮೇಲೆ ಬಂದವು. ತಮ್ಮ ಹೆಸರಿನಲ್ಲಿ ಕಾಗದ ಹೊರಡಿಸುವ ಅಧಿಕಾರ ಯಾವ ಯಂತ್ರಗಳಿಗಿದೆಯೆಂದು ಸಂಸ್ಥೆಗಳು ಬಹಿರಂಗವಾಗಿ ಸಾರಿಡುವುದು ‘ಎಸ್‌ಪಿಎಫ್’. ಕಾಗದದ ಮೇಲೆ ನಕಲು ಮಾಡಲಾಗದ ಮುದ್ರೆಯೊತ್ತುವುದು ‘ಡಿಕಿಮ್’. ಇವೆರಡೂ ತಾಳೆಯಾಗದಿದ್ದರೆ ಕಾಗದವನ್ನು ಏನು ಮಾಡಬೇಕೆಂದು ಸಂಸ್ಥೆಯೇ ಮೊದಲಾಗಿ ತಿಳಿಸಿಡುವುದು ‘ಡಿಮಾರ್ಕ್’. ಇದು ಪ್ರಕಟವಾದುದು 2012ರಲ್ಲಿ. ಜಿಮೇಲ್ ವಿಳಾಸಗಳಿಗೆ ದಿನಕ್ಕೆ 5,000ಕ್ಕೆ ಮೇಲ್ಪಟ್ಟು ಕಾಗದ ಕಳುಹಿಸುವವರು ಈ ಮೂರನ್ನೂ ಪಾಲಿಸಲೇಬೇಕೆಂದು ಗೂಗಲ್ ಸಂಸ್ಥೆಯು 2024ರ ಫೆಬ್ರವರಿಯಿಂದ ನಿಯಮ ಮಾಡಿತು.

ಕಾಗದವು ಸಾಮಾನ್ಯವಾಗಿ ಈ ಪರೀಕ್ಷೆಗಳನ್ನು ದಾಟಿ, ಸ್ಪ್ಯಾಮ್ ಮತ್ತು ವೈರಸ್‌ಗಳ ತಪಾಸಣೆಯನ್ನೂ ಮುಗಿಸಿಕೊಂಡು ಬಂದ ಮೇಲೆ ಕಂಟೆಂಟ್ ಫಿಲ್ಟರಿನ ಸರದಿ. ಹಿಂದಿನವೆಲ್ಲ ಯಂತ್ರವನ್ನು ತಯಾರಿಸಿದವರೇ ಮಾಡಿಕೊಟ್ಟ ತಪಾಸಣೆಗಳು. ಇದು ಮಾತ್ರ ಆಯಾ ಕಚೇರಿಯವರು ತಮಗೆ ಬೇಕಾದಂತೆ ಬರೆದುಕೊಳ್ಳುವ ಕಾನೂನು. ಇದರ ವ್ಯಾಕರಣ ಸರಳ: ‘ಹೀಗಿದ್ದರೆ, ಹಾಗೆ ಮಾಡು.’ ತಲೆಬರಹದಲ್ಲಿ ಇಂಥ ಮಾತಿದ್ದರೆ, ಒಡಲಿನಲ್ಲಿ ಇಂಥ ಪದವಿದ್ದರೆ, ಲಗತ್ತು ಇಂಥ ಜಾತಿಯದಾಗಿದ್ದರೆ ಎಂಬುದು ಷರತ್ತು. ಒಳಗೆ ಬಿಡು, ಎಚ್ಚರಿಕೆಯ ಚೀಟಿ ಹಚ್ಚಿ ಬಿಡು, ಲಗತ್ತನ್ನು ಕಿತ್ತು ಬಿಡು, ತಡೆದು ಬೇರೆ ಕೋಣೆಯಲ್ಲಿಡು, ಬರೆದವರಿಗೇ ಹಿಂದಿರುಗಿಸು, ಸದ್ದಿಲ್ಲದೆ ಅಳಿಸಿಹಾಕು ಎಂಬುವು ಕ್ರಮಗಳು. ಇಂತಹ ನಿಯಮಗಳನ್ನು ಬರೆಯಲೆಂದೇ 2001ರಲ್ಲಿ ಒಂದು ಭಾಷೆಯನ್ನು ಪ್ರಕಟಿಸಿದರು. ಅದರ ಹೆಸರೇ ‘ಸೀವ್’, ಎಂದರೆ ಜರಡಿ.

ವ್ಯಾಕರಣ ಸರಳವಾದ ಮಾತ್ರಕ್ಕೆ ಬರೆದ ವಾಕ್ಯಗಳೆಲ್ಲ ಸರಿಯಾಗಿರಬೇಕೆಂದಿಲ್ಲ. ಬೆಂಗಳೂರಿನ ಯಾವುದೋ ಬಡಾವಣೆಯಲ್ಲಿ ಒಂದು ಪತ್ತಿನ ಸಹಕಾರ ಸಂಘವಿದೆಯೆಂದೂ, ಅದರ ಅಂಚೆಗೆ ಜರಡಿ ಕಟ್ಟುವ ಕೆಲಸ ಆಗ ತಾನೆ ಸೇರಿದ ಎಂಜಿನಿಯರ್ ಯುವಕನೊಬ್ಬನ ಪಾಲಿಗೆ ಬಂದಿದೆಯೆಂದೂ ಕಲ್ಪಿಸಿಕೊಳ್ಳಬಹುದು. ಕಾರ್ಯದರ್ಶಿಗಳು ಅವನನ್ನು ಕರೆದು ಹೇಳುತ್ತಾರೆ:

“ನೋಡಪ್ಪ, ‘ಸಾಲ ಕೊಡಿಸುತ್ತೇವೆ’, ‘ನಿಮಗೆ ಹಣ ಬಂದಿದೆ’ ಎನ್ನುವ ಕಾಗದಗಳ ಕಾಟ ವಿಪರೀತವಾಗಿದೆ. ಇನ್ನು ಮೇಲೆ ಅಂಥದು ಒಂದೂ ಒಳಗೆ ಬರಕೂಡದು.”

“ಆಗಲಿ ಸಾರ್. ಸಂಜೆಯೊಳಗೆ ಮಾಡಿ ಮುಗಿಸುತ್ತೇನೆ.”

ಸಂಜೆಯೊಳಗೆ ಎರಡು ನಿಯಮಗಳು ಸಿದ್ಧವಾಗುತ್ತವೆ. ಒಡಲಿನಲ್ಲಿ ‘ಹಣ’ ಇದ್ದರೆ ಅಳಿಸು. ‘ಸಾಲ’ ಇದ್ದರೆ ಅಳಿಸು. ಮರುದಿನ ಅಂಚೆಪೆಟ್ಟಿಗೆ ಗುಡಿಸಿದ ಅಂಗಳದಂತೆ ಶುಭ್ರ. ಕಾರ್ಯದರ್ಶಿಗಳು ಯುವಕನ ಬೆನ್ನು ತಟ್ಟುತ್ತಾರೆ. ಒಂದು ವಾರ ಕಳೆದ ಮೇಲೆ ಸದಸ್ಯೆಯೊಬ್ಬರು ಕಾಗದದ ಪ್ರತಿಯನ್ನು ಕೈಯಲ್ಲಿ ಹಿಡಿದು, ಏದುಸಿರು ಬಿಡುತ್ತ ಬಂದು ನಿಲ್ಲುತ್ತಾರೆ.

“ಮೂರು ಸಲ ಬರೆದೆ ಸಾರ್. ಮಗಳ ಕಾಲೇಜಿಗೆ ಫೀಸು ಕಟ್ಟಲು ಇವತ್ತೇ ಕಡೆಯ ದಿನ. ಠೇವಣಿ ಹಣವನ್ನು ಅವಧಿಗೆ ಮುಂಚೆ ಕೊಡುವುದಕ್ಕಾಗದಿದ್ದರೆ ಆಗುವುದಿಲ್ಲವೆಂದಾದರೂ ಹೇಳಬಾರದಿತ್ತೆ?”

“ಅಯ್ಯೋ, ನಿಮ್ಮ ಕಾಗದವೇ ಬಂದಿಲ್ಲವಲ್ಲಮ್ಮ!”

ಕಾಗದ ಬಂದಿತ್ತು, ಬಾಗಿಲಿನಲ್ಲಿ ಅಳಿಸಿಹೋಗಿತ್ತು. ಹಣ ಮತ್ತು ಸಾಲ ಎಂಬ ಎರಡು ಮಾತುಗಳನ್ನು ಬಿಟ್ಟು ಪತ್ತಿನ ಸಂಘಕ್ಕೆ ಯಾರು ತಾನೆ ಕಾಗದ ಬರೆಯಬಲ್ಲರು?

ಹುಡುಕಿದರೆ ಅಳಿಸಿಹೋದ ಕಾಗದಗಳ ಪಟ್ಟಿ ಇನ್ನೂ ಬೆಳೆಯುತ್ತದೆ. ಮನುಷ್ಯನ ಕಣ್ಣಿಗೆ ಪದ ಕಾಣುತ್ತದೆ. ಯಂತ್ರಕ್ಕೆ ಕಾಣುವುದು ಸಂಕೇತಗಳ ಸರಪಣಿ. ‘ಹಣ್ಣು’ ಎಂಬ ಪದದ ಒಳಗೆ ಐದು ಸಂಕೇತಗಳಿವೆ: ಹಕಾರ, ಣಕಾರ, ಸ್ವರವನ್ನು ತೆಗೆಯುವ ಗುರುತು, ಮತ್ತೊಂದು ಣಕಾರ, ಉಕಾರದ ಗುರುತು. ಮೊದಲಿನ ಎರಡು ಸೇರಿದರೆ ‘ಹಣ’. ಆದುದರಿಂದ ಹಣ್ಣಿನ ವ್ಯಾಪಾರಿಯ ಕಾಗದವೂ ಹೋಯಿತು. ಹಣೆಯ ಪೆಟ್ಟಿಗೆ ಚಿಕಿತ್ಸೆಯಾದ ಸಿಬ್ಬಂದಿಯ ರಜೆಯ ಅರ್ಜಿಯೂ, ದೀಪಾವಳಿಯ ಹಣತೆಗಳ ದರಪಟ್ಟಿಯೂ, ಗ್ರಹಣದ ದಿನ ಕಚೇರಿ ತೆರೆದಿರುವುದೇ ಎಂಬ ವಿಚಾರಣೆಯೂ ಹೋದವು. ‘ಸಾಲ’ದ ಬಲೆಗೆ ಆಡಳಿತ ಮಂಡಲಿಯ ಸಭೆಗೆ ತರಿಸಿದ ಮಸಾಲೆ ದೋಸೆಯ ಬಿಲ್ಲು ಬಿತ್ತು; ರಸ್ತೆಯ ಸಾಲುಮರಗಳನ್ನು ಕಡಿಯಬಾರದೆಂಬ ಮನವಿ ಬಿತ್ತು. ಇತ್ತ ನಿಜವಾದ ವಂಚಕನು ಎರಡಕ್ಷರಗಳ ನಡುವೆ ಒಂದು ಚುಕ್ಕೆಯಿಟ್ಟು ‘ಹ.ಣ’ ಎಂದು ಬರೆದು ತಲೆಯೆತ್ತಿಕೊಂಡು ಒಳಗೆ ಬಂದನು.

ಇದು ಕನ್ನಡಕ್ಕೆ ಮಾತ್ರ ಒದಗಿದ ಪೀಡೆಯೆಂದು ತಿಳಿಯಬೇಕಾಗಿಲ್ಲ. ಇಂಗ್ಲೆಂಡಿನ ಲಿಂಕನ್‌ಷೈರ್‌ನಲ್ಲಿ ಸ್ಕನ್‌ತೋರ್ಪ್ ಎಂಬ ಉಕ್ಕಿನ ಕಾರ್ಖಾನೆಯ ಊರಿದೆ. ಆ ಹೆಸರಿನ ಆಂಗ್ಲ ಕಾಗುಣಿತದ ನಡುವೆ, ಸಭ್ಯರು ಬಾಯಿಬಿಟ್ಟು ಹೇಳದ ಒಂದು ಪದ ಅಡಗಿದೆ. 1996ರಲ್ಲಿ ಅಮೆರಿಕ ಆನ್‌ಲೈನ್ ಸಂಸ್ಥೆಯ ಜರಡಿಯು, ಈ ಕಾರಣದಿಂದ ಆ ಊರಿನ ನಿವಾಸಿಗಳಿಗೆ ಖಾತೆ ತೆರೆಯಲು ಅವಕಾಶ ಕೊಡದೆ ಹೋಯಿತು. ಅಲ್ಲಿಂದೀಚೆಗೆ ಈ ಬಗೆಯ ತಪ್ಪಿಗೆ ಆ ಊರಿನ ಹೆಸರೇ ನಿಂತಿದೆ. 2003ರಲ್ಲಿ ಬ್ರಿಟನ್ನಿನ ಸಂಸತ್ತಿನಲ್ಲಿ ಲೈಂಗಿಕ ಅಪರಾಧಗಳ ಮಸೂದೆ ಚರ್ಚೆಗೆ ಬಂದಿದ್ದಾಗ, ಅದೇ ಮಸೂದೆಯ ಪ್ರಸ್ತಾಪವಿದ್ದ ಕಾಗದಗಳನ್ನು ಅಲ್ಲಿನ ಹೊಸ ಜರಡಿ ತಡೆಹಿಡಿಯಿತು. ಕಾನೂನು ಮಾಡಬೇಕಾದವರಿಗೇ ಆ ಕಾನೂನಿನ ಸುದ್ದಿ ತಲಪದಂತಾಯಿತು. ವೇಲ್ಸ್ ಭಾಷೆಯಲ್ಲಿ ಬರೆದ ಕಾಗದಗಳನ್ನೂ ಆ ಯಂತ್ರ, ಗುರುತು ಸಿಕ್ಕದ ಭಾಷೆಯೆಂದು, ಬಾಗಿಲಿನಲ್ಲಿಯೇ ನಿಲ್ಲಿಸಿತ್ತು. ದೊಡ್ಡ ಭಾಷೆಯ ಕಾವಲುಗಾರನು ಚಿಕ್ಕ ಭಾಷೆಯ ಅತಿಥಿಯನ್ನು ಕಳ್ಳನೆಂದು ಬಗೆಯುವುದು ಹೀಗೆ.

ಕನ್ನಡಿಗರಿಗೆ ಈ ಮಾತು ಬೇಗ ಅರ್ಥವಾಗುತ್ತದೆ. ಕನ್ನಡದ ಅಕ್ಷರಗಳು ಯೂನಿಕೋಡ್ ಎಂಬ ಜಾಗತಿಕ ಸಂಕೇತಮಾಲೆಯಲ್ಲಿ 1991ರಲ್ಲಿಯೇ ಸ್ಥಾನ ಪಡೆದವು. ಆದರೂ ಹಳೆಯ ಪದ್ಧತಿಯ ನುಡಿ ಅಕ್ಷರಗಳಲ್ಲಿ ಬರೆದ ಲಗತ್ತುಗಳು ಈಗಲೂ ಕಚೇರಿಗಳಿಗೆ ಬರುವುದುಂಟು. ಅವುಗಳಲ್ಲಿ ಕಣ್ಣಿಗೆ ಕಾಣುವುದು ಕನ್ನಡ. ಒಳಗೆ ಇರುವುದು ರೋಮನ್ ಅಕ್ಷರಗಳ ಮತ್ತು ಚಿಹ್ನೆಗಳ ಕಲಸುಮೇಲೋಗರ. ‘ಕನ್ನಡ’ ಎಂಬ ಪದವನ್ನೇ ತೆಗೆದುಕೊಂಡರೆ, ಅದರ ನಕಾರದ ಸ್ಥಾನದಲ್ಲಿ ಯಂತ್ರಕ್ಕೆ ಕಾಣುವುದು ಬ್ರಿಟಿಷ್ ಪೌಂಡಿನ ಗುರುತು! ಸಾಲುಸಾಲಿಗೂ ಪೌಂಡುಗಳು ತುಂಬಿದ ಕಾಗದವನ್ನು ಲಾಟರಿಯ ವಂಚನೆಯೆಂದು ಜರಡಿ ಶಂಕಿಸಿದರೆ ತಪ್ಪು ಯಾರದು? ಯೂನಿಕೋಡಿನಲ್ಲಿ ಬರೆದಾಗಲೂ ತೊಡಕುಗಳಿಲ್ಲದಿಲ್ಲ. ‘ಕೊ’ ಎಂಬಲ್ಲಿನ ಒಕಾರವನ್ನು ಒಂದೇ ಸಂಕೇತವಾಗಿಯೂ ಇಡಬಹುದು, ಎರಡಾಗಿ ಒಡೆದೂ ಇಡಬಹುದು. ಕಣ್ಣಿಗೆ ಎರಡೂ ಒಂದೇ. ‘ಸಾಫ್ಟ್‌ವೇರ್’ ಎಂಬ ಪದದ ನಡುವೆ ಕಣ್ಣಿಗೆ ಕಾಣದ ಒಂದು ಗುರುತು ಕುಳಿತಿರುತ್ತದೆ. ಅದನ್ನು ಬಿಟ್ಟು ಬರೆದ ನಿಯಮಕ್ಕೆ ಈ ಪದ ಸಿಕ್ಕುವುದೇ ಇಲ್ಲ. ಪೂರ್ಣಪದವನ್ನು ಮಾತ್ರ ಹುಡುಕೆಂದರೆ ಹಣವನ್ನು, ಹಣಕ್ಕೆ, ಹಣದಿಂದ ಎಂದು ವಿಭಕ್ತಿಗಳನ್ನು ತೊಟ್ಟು ಬರುವ ಕನ್ನಡದ ನಾಮಪದ ತಪ್ಪಿಸಿಕೊಳ್ಳುತ್ತದೆ. ಆದುದರಿಂದ ಆಂಗ್ಲಕ್ಕೆಂದು ಹೊಲಿದ ಅಂಗಿಯನ್ನು ಕನ್ನಡಕ್ಕೆ ತೊಡಿಸುವ ಮುನ್ನ ಅಳತೆ ನೋಡುವುದು ಅವಶ್ಯಕ.

ಒಂದೇ ಪದವನ್ನು ನಂಬಿ ತೀರ್ಪು ಕೊಡಬಾರದೆಂಬ ವಿವೇಕ ಗಣಿತದಿಂದಲೂ ಬಂದಿದೆ. ಇಂಗ್ಲೆಂಡಿನ ಪಾದ್ರಿ ಥಾಮಸ್ ಬೇಯ್ಸ್ 1761ರಲ್ಲಿ ತೀರಿಕೊಂಡ ಮೇಲೆ, 1763ರಲ್ಲಿ ಆತನ ಸಂಭವನೀಯತೆಯ ಪ್ರಬಂಧ ಅಚ್ಚಾಯಿತು. ಸುಮಾರು 240 ವರ್ಷಗಳ ತರುವಾಯ, 2002ರಲ್ಲಿ ಪಾಲ್ ಗ್ರಹಾಂ ಬರೆದ ಒಂದು ಲೇಖನದಿಂದ ಆ ಸೂತ್ರವು ಸ್ಪ್ಯಾಮ್ ಹಿಡಿಯುವ ಉಪಾಯವಾಗಿ ಪ್ರಸಿದ್ಧಿಗೆ ಬಂತು. ಯಾವ ಪದ ಒಳ್ಳೆಯ ಕಾಗದಗಳಲ್ಲಿ ಎಷ್ಟು ಸಲ, ಕೆಟ್ಟ ಕಾಗದಗಳಲ್ಲಿ ಎಷ್ಟು ಸಲ ಬಂದಿದೆಯೆಂದು ಲೆಕ್ಕವಿಟ್ಟು, ಕಾಗದದ ಹಲವು ಪದಗಳ ಸಾಕ್ಷ್ಯವನ್ನು ಒಟ್ಟಿಗೆ ತೂಗುವುದು ಅದರ ಕ್ರಮ. ಆದರೂ ಲೆಕ್ಕವು ವಿನಯವನ್ನು ಕಲಿಸುತ್ತದೆ. ದಿನಕ್ಕೆ 5,000 ಒಳ್ಳೆಯ ಕಾಗದಗಳು ಬರುವ ಕಚೇರಿಯಲ್ಲಿ ಜರಡಿಯು ಸಾವಿರಕ್ಕೆ ಒಂದರಂತೆ ಎಡವಿದರೂ ದಿನಕ್ಕೆ 5 ಕಾಗದಗಳು, 300 ಕೆಲಸದ ದಿನಗಳಿಗೆ 1,500 ಕಾಗದಗಳು ದಾರಿ ತಪ್ಪುತ್ತವೆ. ಅದರಲ್ಲಿ ಒಂದು ಯಾರದೋ ಕೆಲಸದ ಆದೇಶವಾಗಿರಬಹುದು.

ಹಾಗಾದರೆ ಜರಡಿಯೇ ಬೇಡವೆ? ಬೇಕೇ ಬೇಕು. 2000ದ ಮೇ 4ರಂದು ಮನಿಲಾ ನಗರದಿಂದ ಹೊರಟ ‘ಐ ಲವ್ ಯೂ’ ಎಂಬ ತಲೆಬರಹದ ಕಾಗದವನ್ನು ಜಗತ್ತು ಮರೆತಿಲ್ಲ. ಅದರೊಡನಿದ್ದ ಲಗತ್ತಿನ ಹೆಸರು ಪ್ರೇಮಪತ್ರವೆಂದಿತ್ತು. ಹೆಸರಿನ ಕೊನೆಗೆ ಸಾಧಾರಣ ಬರಹದ ಕಡತವೆಂದು ಸೂಚಿಸುವ ಗುರುತಿತ್ತು. ಅದರಾಚೆಗೆ ಇನ್ನೊಂದು ಗುರುತಿದ್ದುದನ್ನು ವಿಂಡೋಸ್ ಮರೆಮಾಡುತ್ತಿತ್ತು. ಆ ಎರಡನೆಯ ಗುರುತೇ ಅದು ಬರಹವಲ್ಲ, ಯಂತ್ರಕ್ಕೆ ಆಜ್ಞೆ ಕೊಡುವ ಕಾರ್ಯಕ್ರಮವೆಂಬುದನ್ನು ಹೇಳುವಂತಹುದು. ತೆರೆದವರ ವಿಳಾಸಪುಸ್ತಕದಲ್ಲಿದ್ದವರಿಗೆಲ್ಲ ಅದು ತಾನೇ ತಾನಾಗಿ ಹೊರಟಿತು. ಕೆಲವೇ ದಿನಗಳಲ್ಲಿ ಲಕ್ಷಾಂತರ ಯಂತ್ರಗಳನ್ನು ಹೊಕ್ಕಿತು. ಎರಡು ಬಾಲಗಳ ಕಡತವನ್ನು ತಡೆಯುವ ಒಂದು ಸಾಲಿನ ನಿಯಮವಿದ್ದ ಬಾಗಿಲಿನಲ್ಲಿ ಅದು ನಿಂತುಬಿಡುತ್ತಿತ್ತು.

ಬಲ್ಲವನು ಲಗತ್ತಿನ ಹೆಸರನ್ನು ನಂಬುವುದಿಲ್ಲ. ಅದರ ಮೊದಲ ಅಕ್ಷರಗಳನ್ನು ನೋಡುವಂತೆ ನಿಯಮ ಬರೆಯುತ್ತಾನೆ. ವಿಂಡೋಸ್ ಕಾರ್ಯಕ್ರಮದ ಕಡತ ‘ಎಂ, ಝಡ್’ ಎಂಬ ಎರಡಕ್ಷರಗಳಿಂದಲೂ, ಜಿಪ್ ಕಡತ ‘ಪಿ, ಕೆ’ ಎಂಬ ಎರಡಕ್ಷರಗಳಿಂದಲೂ ಪ್ರಾರಂಭವಾಗುತ್ತವೆ. ಮದುವೆಯ ಕರೆಯೋಲೆಯೆಂದು ಹೆಸರಿಟ್ಟರೂ ಈ ಹುಟ್ಟುಗುರುತು ಸುಳ್ಳು ಹೇಳದು. ಗುಪ್ತಪದ ಹಾಕಿ ಬೀಗ ಜಡಿದ ಜಿಪ್ ಕಡತದ ಒಳಗನ್ನು ಮಾತ್ರ ಯಂತ್ರ ನೋಡಲಾರದು. ಅಂತಹುದನ್ನು ತಡೆದಿಟ್ಟು, ಬರೆದವರನ್ನು ವಿಚಾರಿಸಿ ಬಿಡುವುದೇ ಕ್ಷೇಮ.

ಹೊರಗಿನಿಂದ ಬರುವುದನ್ನು ನೋಡಿದರೆ ಸಾಲದು, ಒಳಗಿನಿಂದ ಹೋಗುವುದನ್ನೂ ನೋಡಬೇಕು. ಸದಸ್ಯರ ಆಧಾರ್ ಸಂಖ್ಯೆಗಳ ಪಟ್ಟಿ ಗುಮಾಸ್ತೆಯ ಕೈತಪ್ಪಿನಿಂದ ಪರರಿಗೆ ಹೋಗದಂತೆ ತಡೆಯಬೇಕೆಂದು ‘12 ಅಂಕಿಗಳಿದ್ದರೆ ನಿಲ್ಲಿಸು’ ಎಂದು ಬರೆದರೆ ಏನಾಗುತ್ತದೆ? ದೇಶದ ಸಂಖ್ಯೆ 91ನ್ನು ಸೇರಿಸಿ ಬರೆದ ಹತ್ತಂಕಿಯ ಮೊಬೈಲ್ ನಂಬರೂ 12 ಅಂಕಿಗಳದೇ! ಆದರೆ ಆಧಾರಿನ ಕೊನೆಯ ಅಂಕಿ, ನೆದರ್ಲೆಂಡ್ಸಿನ ಗಣಿತಜ್ಞ ವರ್ಹೂಫ್ 1969ರಲ್ಲಿ ಪ್ರಕಟಿಸಿದ ಸೂತ್ರದಿಂದ ಹುಟ್ಟಿದ ತಾಳೆಯ ಅಂಕಿ. ಆ ತಾಳೆಯನ್ನೂ ನೋಡೆಂದು ಹೇಳಿದರೆ, ಸುಮ್ಮನೆ ಸೇರಿಕೊಂಡ ಹತ್ತು ಸಂಖ್ಯೆಗಳಲ್ಲಿ ಒಂಬತ್ತು ಉದುರಿಹೋಗುತ್ತವೆ. ಇಂತಹ ಸಂಖ್ಯೆಗಳು ಒಂದೇ ಕಾಗದದಲ್ಲಿ ಹತ್ತಕ್ಕೆ ಮೇಲ್ಪಟ್ಟಿದ್ದರೆ ಮಾತ್ರ ತಡೆಯೆಂದರೆ, ಒಬ್ಬರ ಅರ್ಜಿ ಸಾಗುತ್ತದೆ, ಊರಿನವರ ಪಟ್ಟಿ ನಿಲ್ಲುತ್ತದೆ.

ನುರಿತವರ ಪದ್ಧತಿ ನಮ್ಮ ಯುವಕನ ಪದ್ಧತಿಗಿಂತ ನಿಧಾನದ್ದು. ಹೊಸ ನಿಯಮವನ್ನು ಮೊದಲ ಕೆಲವು ದಿನ ಬರಿಯ ಸಾಕ್ಷಿಯಾಗಿ ನಿಲ್ಲಿಸುತ್ತಾರೆ: ಅದು ಯಾವ ಕಾಗದವನ್ನೂ ಮುಟ್ಟದೆ, ತಾನು ಯಾವುದನ್ನು ಹಿಡಿಯುತ್ತಿದ್ದೆನೆಂದು ಬರೆದಿಡುತ್ತದೆ. ಆ ಪಟ್ಟಿಯನ್ನು ಕಣ್ಣಿನಿಂದ ಓದಿ ತಿದ್ದಿದ ಮೇಲೆಯೇ ಅಧಿಕಾರ. ನಿಯಮಗಳು ಮೇಲಿನಿಂದ ಕೆಳಕ್ಕೆ ಒಂದೊಂದಾಗಿ ನಡೆಯುವುದರಿಂದ, ಮೇಲಿನದು ಕಾಗದವನ್ನು ಅಳಿಸಿಬಿಟ್ಟರೆ ಕೆಳಗಿನ ವಿನಾಯಿತಿಗೆ ಅವಕಾಶವೇ ಇಲ್ಲ. ಆದುದರಿಂದ ಕ್ರಮವನ್ನೂ ಗಮನಿಸುತ್ತಾರೆ. ವೈರಸ್ ತಪಾಸಣೆ ನಡೆಯುತ್ತಿದೆಯೇ ಎಂದು ನೋಡಲು ನಿಜವಾದ ವಿಷ ಬೇಕಾಗಿಲ್ಲ. ‘ಐಕಾರ್’ ಎಂಬ 68 ಅಕ್ಷರಗಳ ನಿರಪಾಯದ ಪರೀಕ್ಷಾ ಕಡತ ಅದಕ್ಕೆಂದೇ ಇದೆ. ಅಳಿಸುವ ಬದಲು ಕ್ವಾರಂಟೈನಿನಲ್ಲಿ ಇಡುತ್ತಾರೆ. ಇಟ್ಟುದನ್ನು ವಿಳಾಸದಾರರಿಗೆ ತಿಳಿಸುತ್ತಾರೆ. ಪ್ರತಿಯೊಂದು ನಿಯಮದ ಪಕ್ಕದಲ್ಲಿ, ಬರೆಸಿದವರು ಯಾರು, ಏತಕ್ಕೆ, ಎಂದು ಎಂಬುದನ್ನು ಗುರುತು ಹಾಕಿಡುತ್ತಾರೆ. ಬರೆದವನು ಕೆಲಸ ಬಿಟ್ಟುಹೋದ ಮೇಲೂ ಬಾಗಿಲು ಕಾಯುತ್ತಿರುವ ಅನಾಥ ನಿಯಮಗಳಿಂದಾಗುವ ಅನ್ಯಾಯ ಸಾಮಾನ್ಯವಲ್ಲ.

ಇನ್ನೊಂದು ಮಾತು. ಪರರ ಕಾಗದವನ್ನು ಒಡೆದು ಓದಬಾರದೆಂದು ಮನೆಯ ಹಿರಿಯರು ಮಕ್ಕಳಿಗೆ ಹೇಳಿಕೊಟ್ಟ ಪಾಠ ಯಂತ್ರ ಬಂದ ಮಾತ್ರಕ್ಕೆ ಹಳತಾಗುವುದಿಲ್ಲ. ಜರಡಿ ಎಲ್ಲರ ಕಾಗದವನ್ನೂ ಓದುತ್ತದೆ, ಓದಿ ಮರೆಯುತ್ತದೆ. ತಡೆಯ ಕೋಣೆಯ ಬೀಗದಕೈ ಹಿಡಿದ ಮನುಷ್ಯ ಮರೆಯಲಾರ. ಆದುದರಿಂದ ಕಚೇರಿಯ ಅಂಚೆಯನ್ನು ಯಂತ್ರ ಪರಿಶೀಲಿಸುತ್ತದೆಂದು ಎಲ್ಲರಿಗೂ ಮೊದಲೇ ತಿಳಿಸಿರಬೇಕು. ಕೀಲಿ ಕೈ ಯಾರಲ್ಲಿದೆಯೆಂಬುದೂ, ಆತ ಯಾವ ಕಾಗದವನ್ನು ಯಾವಾಗ ತೆರೆದನೆಂಬುದೂ ದಾಖಲೆಯಲ್ಲಿರಬೇಕು.

ಮನೆಯಲ್ಲಿ ಮಿಂಚಂಚೆ ನೋಡುವವರಿಗೂ ಇದರಿಂದ ಒಂದು ಪಾಠವುಂಟು. ಅವರ ಬಾಗಿಲಿನಲ್ಲೂ ಜರಡಿಯಿದೆ, ಕಟ್ಟಿದವರು ಬೇರೆ. ಜಿಮೇಲಿನ ಸ್ಪ್ಯಾಮ್ ಕೋಶಕ್ಕೆ ಬಿದ್ದ ಕಾಗದಗಳು 30 ದಿನಗಳಾದ ಮೇಲೆ ತಾವಾಗಿ ಅಳಿಸಿಹೋಗುತ್ತವೆ. ಸಂದರ್ಶನದ ಕರೆಗೋ, ಕಾಲೇಜಿನ ಉತ್ತರಕ್ಕೋ ಕಾದಿರುವ ಮಕ್ಕಳಿರುವ ಮನೆಯಲ್ಲಿ ವಾರಕ್ಕೊಮ್ಮೆಯಾದರೂ ಆ ಕೋಶವನ್ನು ತೆರೆದು ನೋಡುವುದು, ತಪ್ಪಾಗಿ ಬಿದ್ದದ್ದನ್ನು ‘ಸ್ಪ್ಯಾಮ್ ಅಲ್ಲ’ ಎಂದು ಗುರುತಿಸುವುದು ಒಳ್ಳೆಯ ಅಭ್ಯಾಸ. ಹಾಗೆಂದು ಅಲ್ಲಿ ಕಂಡ ಕೊಂಡಿಗಳನ್ನೆಲ್ಲ ಒತ್ತಿ ನೋಡಬಾರದು. ಅನುಮಾನ ಬಂದರೆ ಕಾಗದದಲ್ಲಿರುವ ಸಂಖ್ಯೆಯನ್ನು ಬಿಟ್ಟು, ಮೊದಲೇ ಗೊತ್ತಿರುವ ಸಂಖ್ಯೆಗೆ ಫೋನ್ ಮಾಡಿ ವಿಚಾರಿಸಬೇಕು.

ಪತ್ತಿನ ಸಂಘದ ಕಲ್ಪಿತ ಕಥೆಗೆ ಒಂದು ಮುಕ್ತಾಯ ಬೇಕಲ್ಲವೆ? ಆ ದಿನ ಕಾರ್ಯದರ್ಶಿಗಳು ಬೇರೆ ಕೆಲಸಗಳನ್ನು ಬದಿಗಿಟ್ಟು, ಮಧ್ಯಾಹ್ನದೊಳಗೆ ಆ ತಾಯಿಗೆ ಠೇವಣಿಯ ಹಣ ಸಂದಾಯವಾಗುವಂತೆ ನೋಡಿಕೊಂಡರೆಂದೇ ಇಟ್ಟುಕೊಳ್ಳಬಹುದು. ಯುವಕನು ತಲೆತಗ್ಗಿಸಿಕೊಂಡು ನಿಂತಿದ್ದನು.

“ನಾಳೆಯಿಂದ ಅಳಿಸುವುದನ್ನು ನಿಲ್ಲಿಸಿಬಿಡುತ್ತೇನೆ ಸಾರ್. ಎಲ್ಲವನ್ನೂ ತಡೆದು ಬೇರೆ ಕೋಣೆಯಲ್ಲಿ ಇಡಿಸುತ್ತೇನೆ.”

“ಇಡಿಸಪ್ಪ. ಆದರೆ ಇಟ್ಟದ್ದನ್ನು ದಿನಾ ಬೆಳಿಗ್ಗೆ ಬಂದು ತೆರೆದು ನೋಡುವವರು ಯಾರು, ಅದನ್ನೂ ಈಗಲೇ ಬರೆದುಬಿಡು.”

ಯುವಕನು ಸ್ವಲ್ಪ ಹೊತ್ತು ಯೋಚಿಸಿ, ಆ ಜಾಗದಲ್ಲಿ ತನ್ನ ಹೆಸರನ್ನೇ ಬರೆದನು.